ಸೋಲಿಗೂ ಒಂದು ಪುಟವಿರಲಿ

(ಬೆಂಗಳೂರಿನ ವಿಜಯನಗರದಲ್ಲಿ ನಡೆದ ಸ್ಥಳೀಯ ಸೇವಾ ಸಂಘವೊಂದರ ವರ್ಷಾಂತ್ಯದ ಸಭೆಯಲ್ಲಿ ಸಂಘದ ಕಾರ್ಯದರ್ಶಿ ಮಾಡಿದ ಭಾಷಣದ ಬರಹ ರೂಪ)



ವರ್ಷವೊಂದು ಮುಗಿಯುತ್ತಿದೆ. ಅಂಗಡಿಯವನು ತನ್ನ ಖಾತೆ ಪುಸ್ತಕವನ್ನು ತೆರೆದು ಲಾಭವೆಷ್ಟು, ನಷ್ಟವೆಷ್ಟು, ಬರಬೇಕಾದ ಬಾಕಿ ಎಷ್ಟು ಎಂದು ನೋಡುವ ಹೊತ್ತು ಇದು. ಸಂಘ ಸಂಸ್ಥೆಗಳು ವಾರ್ಷಿಕ ವರದಿಯನ್ನು ಮಂಡಿಸುವ ಹೊತ್ತೂ ಹೌದು. ಪ್ರತಿ ವರ್ಷದಂತೆ ಈ ವರ್ಷವೂ ವರದಿ ಓದುವ ಹೊಣೆಯನ್ನು ನನಗೆ ವಹಿಸಲಾಗಿದೆ. ಆದರೆ ವರದಿ ಓದುವುದಕ್ಕೆ ಮುನ್ನ ಕೆಲವು ಮಾತುಗಳನ್ನು ತಮ್ಮ ಮುಂದಿಡಲು ಅನುಮತಿ ಬೇಡುತ್ತೇನೆ. ಈ ಮಾತುಗಳು ಸಂಘದ ಬಗ್ಗೆ ಎಷ್ಟೋ, ನನ್ನ ಬಗ್ಗೆಯೂ ಅಷ್ಟೇ.

ಕಳೆದ ಹನ್ನೊಂದು ವರ್ಷಗಳಿಂದ ಈ ವರದಿಯನ್ನು ಬರೆಯುತ್ತಿರುವವನು ನಾನೇ. ಮೊನ್ನೆ ರಾತ್ರಿ ಆ ಹನ್ನೊಂದು ವರದಿಗಳನ್ನೂ ಮುಂದಿಟ್ಟುಕೊಂಡು ಓದಿದೆ. ಎಷ್ಟು ಸಭೆಗಳು ನಡೆದವು, ಯಾವ ಗಣ್ಯರು ಬಂದರು, ಎಷ್ಟು ಪುಸ್ತಕ ಹಂಚಿದೆವು, ಎಷ್ಟು ಹೊಲಿಗೆ ಯಂತ್ರ ಕೊಟ್ಟೆವು, ರಮಝಾನ್‌ನಲ್ಲಿ ಎಷ್ಟು ಮನೆಗಳಿಗೆ ಪಡಿತರ ತಲುಪಿಸಿದೆವು ಎಂಬ ವಿವರಗಳೆಲ್ಲ ಅಲ್ಲಿವೆ. ಚಿತ್ರಗಳೂ ಇವೆ. ಆದರೆ ಹನ್ನೊಂದು ವರದಿಗಳಲ್ಲಿ ಒಂದು ಕಡೆಯೂ 'ಇದರಲ್ಲಿ ನಾವು ಸೋತೆವು' ಎಂಬ ವಾಕ್ಯವಿಲ್ಲ. ಹನ್ನೊಂದು ವರ್ಷಗಳಲ್ಲಿ ನಾವು ಒಮ್ಮೆಯೂ ಸೋಲಲಿಲ್ಲವೇ? ಅಥವಾ ಸೋತದ್ದನ್ನು ಬರೆಯಲಿಲ್ಲವೇ?

ಇವೆರಡರಲ್ಲಿ ನಿಜ ಯಾವುದೆಂದು ನನಗೆ ಗೊತ್ತು. ತಮಗೂ ಗೊತ್ತು.

ಹಿಂದಿರುಗಿ ಬಂದ ಚೆಕ್ಕು

ಕೆಲವು ವರ್ಷಗಳ ಹಿಂದಿನ ಮಾತು. ಕೆಂಗೇರಿ ಕಡೆಯ ಒಬ್ಬ ಹುಡುಗ ನಮ್ಮಲ್ಲಿಗೆ ನೆರವು ಕೇಳಿಕೊಂಡು ಬಂದಿದ್ದ. ತಂದೆ ಮನೆಗಳಿಗೆ ಬಣ್ಣ ಬಳಿಯುವವರು. ಹುಡುಗ ದ್ವಿತೀಯ ಪಿಯುಸಿಯಲ್ಲಿ ಒಳ್ಳೆಯ ಅಂಕ ಗಳಿಸಿ, ಸಿಇಟಿ ಬರೆದು, ಇಂಜಿನಿಯರಿಂಗ್ ಸೀಟು ಪಡೆದಿದ್ದ. ಸೀಟು ಹಂಚಿಕೆಯಾದ ಮೇಲೆ ಗೊತ್ತುಪಡಿಸಿದ ದಿನದೊಳಗೆ ಶುಲ್ಕ ಕಟ್ಟಿ ಕಾಲೇಜಿಗೆ ವರದಿ ಮಾಡಿಕೊಳ್ಳದಿದ್ದರೆ ಆ ಸೀಟು ರದ್ದಾಗುತ್ತದೆ. ಅರ್ಜಿ, ಆದಾಯ ಪ್ರಮಾಣಪತ್ರ, ಅಂಕಪಟ್ಟಿ ಎಲ್ಲವನ್ನೂ ಅವನು ಸಕಾಲದಲ್ಲಿ ನನ್ನ ಕೈಗೆ ಕೊಟ್ಟಿದ್ದ. ಅದನ್ನು ಸಮಿತಿಯ ಮುಂದಿಟ್ಟು ಮಂಜೂರು ಮಾಡಿಸುವುದು ನನ್ನ ಕೆಲಸ.

ಆ ತಿಂಗಳು ನಮ್ಮ ವಾರ್ಷಿಕ ಸಮಾರಂಭವಿತ್ತು. ಸಭಾಂಗಣ, ಆಹ್ವಾನ ಪತ್ರಿಕೆ, ಶಾಲು, ಫಲಕ, ಅತಿಥಿಗಳ ಊಟ ಎಂದು ನಾವೆಲ್ಲ ಓಡಾಡುತ್ತಿದ್ದೆವು. ಸಮಿತಿಯ ಸಭೆ ಒಮ್ಮೆ ಮುಂದಕ್ಕೆ ಹೋಯಿತು, ಮತ್ತೊಮ್ಮೆಯೂ ಹೋಯಿತು. ಅರ್ಜಿ ನನ್ನ ಚೀಲದಲ್ಲೇ ಇತ್ತು. ಸಮಾರಂಭ ಬಹಳ ಚೆನ್ನಾಗಿ ನಡೆಯಿತು. ಮರುವಾರ ಸಭೆ ಸೇರಿ ಎಲ್ಲ ಅರ್ಜಿಗಳನ್ನೂ ಮಂಜೂರು ಮಾಡಿದೆವು. ಚೆಕ್ಕು ಬರೆದು ಕಳುಹಿಸಿದೆವು.

ಎರಡು ದಿನಗಳ ನಂತರ ಅಸ್ರ್ ನಮಾಝಿನ ಬಳಿಕ ಆ ಹುಡುಗ ಮಸೀದಿಯ ಬಾಗಿಲಲ್ಲಿ ನಿಂತಿದ್ದ. ಚೆಕ್ಕನ್ನು ನನ್ನ ಕೈಗಿಟ್ಟು, "ಚಾಚಾ, ದಿನ ಮೀರಿ ಹೋಯಿತು. ಇದು ಇನ್ನು ಬೇಡ. ಬೇರೆ ಯಾರಿಗಾದರೂ ಕೊಡಿ" ಎಂದ. ಅವನ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನಾನು ಏನಾದರೂ ಸಮಜಾಯಿಷಿ ಕೊಡುತ್ತಿದ್ದೆನೋ ಏನೋ.

ಸಹೋದರರೇ, ಇದಕ್ಕಿಂತ ದೊಡ್ಡ ತಪ್ಪನ್ನು ನಾನು ಅನಂತರ ಮಾಡಿದೆ. ಆ ವರ್ಷದ ವರದಿಯಲ್ಲಿ '26 ವಿದ್ಯಾರ್ಥಿಗಳಿಗೆ ಶಿಕ್ಷಣ ನೆರವು ಮಂಜೂರು' ಎಂದು ಬರೆದೆ. ಚಪ್ಪಾಳೆ ಬಿತ್ತು. ಆ ಇಪ್ಪತ್ತಾರರಲ್ಲಿ ಅವನೂ ಒಬ್ಬ. ವಾಕ್ಯದಲ್ಲಿ ಸುಳ್ಳೇನೂ ಇರಲಿಲ್ಲ, ಮಂಜೂರಾದದ್ದು ನಿಜ. ಆದರೆ ಒಬ್ಬ ಹುಡುಗನ ಇಂಜಿನಿಯರಿಂಗ್ ಸೀಟು ನನ್ನ ಚೀಲದಲ್ಲಿ ಕೊಳೆತದ್ದನ್ನು ಗೆಲುವಿನ ಪಟ್ಟಿಯಲ್ಲಿ ಸೇರಿಸಿದವನು ನಾನು. ಅವನು ಈಗ ಕಾಮಾಕ್ಷಿಪಾಳ್ಯದ ಕಡೆ ಒಂದು ಲೇತ್ ವರ್ಕ್‌ಶಾಪಿನಲ್ಲಿ ದುಡಿಯುತ್ತಿದ್ದಾನೆ. ದುಡಿಮೆ ಗೌರವದ್ದೇ. ಆದರೆ ಅದು ಅವನು ಆರಿಸಿಕೊಂಡ ದಾರಿಯಲ್ಲ, ನಮ್ಮ ಅಲಕ್ಷ್ಯ ಅವನಿಗೆ ಆರಿಸಿಕೊಟ್ಟ ದಾರಿ.

ಎಣಿಸುವುದು ಏನನ್ನು?

ಈ ಘಟನೆಯ ನಂತರ ನನ್ನನ್ನು ಕಾಡಿದ ಪ್ರಶ್ನೆ ಇದು: ನಾವು ಏನನ್ನು ಎಣಿಸುತ್ತಿದ್ದೇವೆ? ಕೊಟ್ಟದ್ದನ್ನೋ, ತಲುಪಿದ್ದನ್ನೋ?

ಹೊಲಿಗೆ ತರಬೇತಿಯ ವಿಷಯವನ್ನೇ ನೋಡಿ. ಪ್ರತಿ ವರ್ಷವೂ ನಮ್ಮ ವರದಿಯಲ್ಲಿ ಅದಕ್ಕೊಂದು ಸ್ಥಾನವಿದೆ. ತರಬೇತಿ ಪಡೆದ ಸಹೋದರಿಯೊಬ್ಬರ ಮನೆಗೆ ಈ ವರ್ಷ ಬೇರೆ ಕೆಲಸಕ್ಕೆ ಹೋಗಿದ್ದಾಗ ಯಂತ್ರ ಕಾಣಲಿಲ್ಲ. ವಿಚಾರಿಸಿದೆ. "ಭಾಯಿ, ಯಂತ್ರ ಕೊಟ್ಟಿರಿ, ಕೆಲಸ ತಂದುಕೊಡುವವರು ಯಾರು? ಎರಡು ತಿಂಗಳು ಕಾದೆ. ಬಾಡಿಗೆ ಕಟ್ಟಬೇಕಿತ್ತು, ಮಾರಿದೆ. ಈಗ ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದೇನೆ" ಎಂದರು. ಹಾಗಾದರೆ ಉಳಿದವರ ಗತಿ ಏನು? ಯಂತ್ರ ಪಡೆದವರಲ್ಲಿ ಎಷ್ಟು ಮಂದಿ ಇಂದು ಅದರಿಂದ ಸಂಪಾದಿಸುತ್ತಿದ್ದಾರೆ? ಈ ಪ್ರಶ್ನೆಗೆ ಕಾರ್ಯದರ್ಶಿಯಾದ ನನ್ನ ಬಳಿ ಉತ್ತರವಿಲ್ಲ. ಯಂತ್ರ ಹಸ್ತಾಂತರಿಸುವ ಚಿತ್ರ ಮಾತ್ರ ಇದೆ.

ಎಣಿಕೆ ಎಷ್ಟು ಮುಖ್ಯವೆಂಬುದನ್ನು ಈ ದೇಶದ ಮುಸ್ಲಿಮರಿಗೆ ಕಲಿಸಿದ ದಾಖಲೆ ಸಾಚಾರ್ ಸಮಿತಿಯ ವರದಿ. ನಿವೃತ್ತ ನ್ಯಾಯಮೂರ್ತಿ ರಾಜೇಂದರ್ ಸಾಚಾರ್ ಅವರ ನೇತೃತ್ವದ ಸಮಿತಿಯನ್ನು 2005ರಲ್ಲಿ ಕೇಂದ್ರ ಸರಕಾರ ನೇಮಿಸಿತು. 2006ರ ನವೆಂಬರ್‌ನಲ್ಲಿ ಅದರ ವರದಿ ಹೊರಬಂತು. 2001ರ ಜನಗಣತಿಯಂತೆ ದೇಶದ ಸಾಕ್ಷರತೆ ಶೇ. 65.1 ಇದ್ದಾಗ ಮುಸ್ಲಿಮರದ್ದು ಶೇ. 59.1 ಎಂದು ಅದು ತೋರಿಸಿತು. 6ರಿಂದ 14 ವರ್ಷದೊಳಗಿನ ಮುಸ್ಲಿಮ್ ಮಕ್ಕಳಲ್ಲಿ ನಾಲ್ಕರಲ್ಲೊಂದು ಮಗು ಶಾಲೆಯ ಮುಖವನ್ನೇ ನೋಡಿಲ್ಲ ಅಥವಾ ಅರ್ಧಕ್ಕೆ ಬಿಟ್ಟಿದೆ ಎಂದಿತು. ಐಎಎಸ್‌ನಲ್ಲಿ ನಮ್ಮ ಪಾಲು ಶೇ. 3, ಐಪಿಎಸ್‌ನಲ್ಲಿ ಶೇ. 4 ಎಂದಿತು. ಮುಸ್ಲಿಮ್ ಮಕ್ಕಳೆಲ್ಲ ಮದ್ರಸಾಗಳಲ್ಲೇ ಇದ್ದಾರೆ ಎಂಬ ಪ್ರಚಾರವನ್ನೂ ಅದೇ ಸಮಿತಿ ಮುರಿಯಿತು; ಶಾಲಾ ವಯಸ್ಸಿನ ಮಕ್ಕಳಲ್ಲಿ ಮದ್ರಸಾಗಳಿಗೆ ಹೋಗುವವರು ಸುಮಾರು ಶೇ. 4 ಮಾತ್ರ ಎಂದು ಲೆಕ್ಕ ಕೊಟ್ಟಿತು. ಒಂದೇ ವರದಿ ನಮ್ಮ ದೌರ್ಬಲ್ಯವನ್ನೂ ಹೇಳಿತು, ನಮ್ಮ ಮೇಲಿನ ಸುಳ್ಳನ್ನೂ ಬಯಲು ಮಾಡಿತು. ಪ್ರಾಮಾಣಿಕ ಲೆಕ್ಕದ ಲಾಭ ಇದೇ.

ಸರಕಾರ ನಮ್ಮನ್ನು ಎಣಿಸಿತು. ನಾವು ನಮ್ಮ ಓಣಿಯನ್ನು ಎಣಿಸಿದ್ದೇವೆಯೇ? ನಾವು ವಾಸಿಸುವ ಈ ಪಶ್ಚಿಮ ಬೆಂಗಳೂರನ್ನು ಒಮ್ಮೆ ನೋಡಿ. ಜ್ಞಾನಭಾರತಿಯಲ್ಲಿ ಬೆಂಗಳೂರು ವಿಶ್ವವಿದ್ಯಾಲಯವಿದೆ. ನಾಗರಬಾವಿಯಲ್ಲಿ ರಾಷ್ಟ್ರೀಯ ಕಾನೂನು ಶಾಲೆ ಇದೆ. ಅದರ ಬಳಿಯಲ್ಲೇ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಇದೆ. ದೇಶದ ಮೂಲೆ ಮೂಲೆಗಳಿಂದ ಮಕ್ಕಳು ಇಲ್ಲಿಗೆ ಓದಲು ಬರುತ್ತಾರೆ. 2021ರ ಆಗಸ್ಟ್‌ನಲ್ಲಿ ಮೆಟ್ರೊ ಕೆಂಗೇರಿಯವರೆಗೆ ಬಂದ ಮೇಲೆ ವಿಜಯನಗರದಿಂದ ಜ್ಞಾನಭಾರತಿಗೆ ಹೋಗುವುದು ಕೆಲವೇ ನಿಮಿಷಗಳ ಮಾತು. ಗೋರಿಪಾಳ್ಯದಿಂದ, ಪಾದರಾಯನಪುರದಿಂದ, ಬಾಪೂಜಿನಗರದಿಂದ ಈ ಆವರಣಗಳೊಳಗೆ ಹೋದ ನಮ್ಮ ಮಕ್ಕಳು ಎಷ್ಟು? ಪಿಯುಸಿಯ ನಂತರ ಗ್ಯಾರೇಜಿಗೆ, ಡೆಲಿವರಿ ಕೆಲಸಕ್ಕೆ ಹೋದವರು ಎಷ್ಟು? ಈ ಸಂಖ್ಯೆ ನಮ್ಮಲ್ಲಿ ಇಲ್ಲ. ಅದನ್ನು ಕಲೆಹಾಕಲು ಆಯೋಗ ಬೇಕಿಲ್ಲ. ಒಂದು ನೋಟ್‌ಬುಕ್, ನಾಲ್ಕು ಮಂದಿ ಯುವಕರು, ನಾಲ್ಕು ಭಾನುವಾರಗಳು ಸಾಕು. ಸರಕಾರದ ಪೂರ್ವಗ್ರಹವನ್ನು ಟೀಕಿಸುವುದು ನಮ್ಮ ಹಕ್ಕು. ಆದರೆ ನೋಟ್‌ಬುಕ್ ಕೊಳ್ಳದಂತೆ ನಮ್ಮನ್ನು ತಡೆದವರು ಯಾರು?

ಗೆಲುವಿನ ವೇಷದಲ್ಲಿ ಬಂದ ಸೋಲು

ಲೆಕ್ಕ ಕೇಳದ ಸಮುದಾಯಕ್ಕೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನಗರದಲ್ಲೇ ದೊಡ್ಡ ಪಾಠವಿದೆ. 2006ರಲ್ಲಿ ಆರಂಭವಾದ ಐ ಮಾನಿಟರಿ ಅಡ್ವೈಸರಿ, ಅಂದರೆ ಐಎಂಎ, ಬಡ್ಡಿಯಿಲ್ಲದ ಲಾಭದ ಪಾಲು ಕೊಡುತ್ತೇವೆಂದು ಸಾವಿರಾರು ಕುಟುಂಬಗಳಿಂದ ಹಣ ಸಂಗ್ರಹಿಸಿತು. 2019ರ ಜೂನ್‌ನಲ್ಲಿ ಈದ್ ರಜೆಗೆಂದು ಮುಚ್ಚಿದ ಅದರ ಶಿವಾಜಿನಗರದ ಬಾಗಿಲು ಮತ್ತೆ ತೆರೆಯಲಿಲ್ಲ. ಅದರ ಮುಖ್ಯಸ್ಥರ ಧ್ವನಿಮುದ್ರಣವೊಂದು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು; ಅವರು ದುಬೈಗೆ ಹೋಗಿಯಾಗಿತ್ತು. ಜುಲೈಯಲ್ಲಿ ಅವರನ್ನು ದಿಲ್ಲಿ ವಿಮಾನ ನಿಲ್ದಾಣದಲ್ಲಿ ಬಂಧಿಸಲಾಯಿತು. ಹತ್ತಾರು ಸಾವಿರ ಮಂದಿ ದೂರು ಕೊಟ್ಟರು. ವಿಶೇಷ ತನಿಖಾ ದಳದಿಂದ ಪ್ರಕರಣ ಸಿಬಿಐಗೆ ಹೋಯಿತು.

ಕಾನೂನಿನ ತೀರ್ಮಾನ ನ್ಯಾಯಾಲಯದ್ದು. ನಾನು ಕೇಳುವುದು ನಮ್ಮ ಪಾಲಿನ ಪ್ರಶ್ನೆ. ಹಜ್‌ಗೆಂದು ಕೂಡಿಟ್ಟ ಹಣ, ಮಗಳ ಮದುವೆಗೆಂದು ತೆಗೆದಿಟ್ಟ ಹಣ, ನಿವೃತ್ತಿಯಾದಾಗ ಬಂದ ಹಣ ಇವೆಲ್ಲ ಅಲ್ಲಿಗೆ ಹೋದದ್ದು ಹೇಗೆ? ಹೊಳೆಯುವ ಅಂಗಡಿಯನ್ನು ನೋಡಿದೆವು. ವೇದಿಕೆಯಲ್ಲಿ ಕುಳಿತ ಗಣ್ಯರನ್ನು ನೋಡಿದೆವು. ಉದಾರ ದಾನಗಳನ್ನು ನೋಡಿದೆವು. ಇಷ್ಟನ್ನು ನೋಡಿ ಇದೊಂದು ಯಶಸ್ವೀ ಸಂಸ್ಥೆ ಎಂದು ತೀರ್ಮಾನಿಸಿದೆವು. ಇಷ್ಟೊಂದು ಲಾಭ ಯಾವ ವ್ಯಾಪಾರದಿಂದ ಬರುತ್ತಿದೆ, ಲೆಕ್ಕಪರಿಶೋಧನೆಯ ವರದಿ ಎಲ್ಲಿದೆ ಎಂದು ಕೇಳಿದವರಿಗೆ, 'ನಮ್ಮವರು ಮೇಲೆ ಬರುವುದನ್ನು ಸಹಿಸದವರು' ಎಂಬ ಹಣೆಪಟ್ಟಿ ಸಿಕ್ಕಿತು. ಪ್ರಶ್ನೆಯನ್ನು ಅಪನಂಬಿಕೆಯೆಂದು ತಿಳಿಯುವ ಕಡೆ ನಂಬಿಕೆದ್ರೋಹಕ್ಕೆ ಕಾವಲಿರುವುದಿಲ್ಲ.

ಇದನ್ನು ದೊಡ್ಡವರ ಕಥೆಯೆಂದು ಬದಿಗಿಡಬೇಡಿ. ಕೋಟಿಗಳ ಲೆಕ್ಕ ಕೇಳದ ಅಭ್ಯಾಸ ಬೆಳೆಯುವುದು ಮೊಹಲ್ಲಾದ ಐದು ಸಾವಿರ ರೂಪಾಯಿಯ ಲೆಕ್ಕವನ್ನು ಕೇಳಲು ಸಂಕೋಚಪಟ್ಟಾಗ. ಕೇಳಿದವನ ಮುಖ ನೋಡಿ ಸಮಿತಿಯವರು ಹುಬ್ಬು ಗಂಟಿಕ್ಕಿದಾಗ. ಆ ಹುಬ್ಬು ಕೆಲವೊಮ್ಮೆ ನನ್ನದೂ ಆಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಒಂದೇ ವರ್ಷದ ಎರಡು ಚಿತ್ರಗಳು

ಅದರ ಮರುವರ್ಷವೇ ಬಂದದ್ದು ಕೊರೋನಾ. 2020ರ ಏಪ್ರಿಲ್ 19ರ ರಾತ್ರಿಯನ್ನು ಇಲ್ಲಿರುವ ಹಲವರು ಮರೆತಿರಲಾರರು. ನಮ್ಮ ಪಕ್ಕದ ಪಾದರಾಯನಪುರದಲ್ಲಿ, ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಕ್ವಾರಂಟೈನ್‌ಗೆ ಕರೆದೊಯ್ಯಲು ಆರೋಗ್ಯ ಮತ್ತು ಪಾಲಿಕೆ ಸಿಬ್ಬಂದಿ ಪೊಲೀಸರೊಂದಿಗೆ ಬಂದರು. ಗುಂಪು ಸೇರಿತು. ತಡೆಗಳನ್ನು ಕಿತ್ತು ಹಾಕಲಾಯಿತು, ಸಿಬ್ಬಂದಿಯ ಮೇಲೆ ದಾಳಿಯಾಯಿತು. ನೂರಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. ದೇಶದ ಟಿವಿಗಳೆಲ್ಲ ದಿನಗಟ್ಟಲೆ ಅದನ್ನೇ ತೋರಿಸಿ ಒಂದು ಇಡೀ ಸಮುದಾಯವನ್ನು ಕಟಕಟೆಯಲ್ಲಿ ನಿಲ್ಲಿಸಿದವು. ಅದು ಅನ್ಯಾಯವೆಂದು ಅಂದೂ ಹೇಳಿದ್ದೇವೆ, ಇಂದೂ ಹೇಳುತ್ತೇವೆ. ಆದರೆ ಅವರ ಅನ್ಯಾಯ ನಮ್ಮ ತಪ್ಪನ್ನು ಅಳಿಸುವುದಿಲ್ಲ. ರೋಗದಿಂದ ಕಾಪಾಡಲು ಬಂದವರ ಮೇಲೆ ಕೈ ಎತ್ತಿದ್ದು ತಪ್ಪೇ. ಜನರ ಮನಸ್ಸಿನಲ್ಲಿ ವದಂತಿ ಬೇರೂರುವಷ್ಟು ದಿನ ನಾವೆಲ್ಲಿದ್ದೆವು? ಕ್ವಾರಂಟೈನ್ ಎಂದರೇನು, ಎಲ್ಲಿ ಇಡುತ್ತಾರೆ, ಎಷ್ಟು ದಿನ, ಮನೆಯವರ ಊಟಕ್ಕೇನು ಎಂಬುದನ್ನು ಅವರ ಭಾಷೆಯಲ್ಲಿ ಮೊದಲೇ ಮನೆಮನೆಗೆ ಹೋಗಿ ತಿಳಿಸಬಹುದಾಗಿದ್ದ ಸಂಘಗಳು ಎಷ್ಟಿದ್ದವು! ಅವುಗಳಲ್ಲಿ ನಮ್ಮದೂ ಒಂದು.

ಅದೇ ವರ್ಷದ ಇನ್ನೊಂದು ಚಿತ್ರ. ಬೆಂಗಳೂರಿನ ಹಲವು ಸಂಘಟನೆಗಳು ತಮ್ಮ ತಮ್ಮ ಫಲಕಗಳನ್ನು ಬದಿಗಿಟ್ಟು ಮರ್ಸಿ ಮಿಷನ್ ಎಂಬ ಒಂದೇ ಹೆಸರಿನಲ್ಲಿ ಒಟ್ಟಾದವು. ಆಹಾರದ ಕಿಟ್, ಆಂಬುಲೆನ್ಸ್, ಆಮ್ಲಜನಕ ಎಂದು ಕೆಲಸ ಹಂಚಿಕೊಂಡವು. ಅದರ ಮರ್ಸಿ ಏಂಜಲ್ಸ್ ತಂಡದ ಯುವಕರು, ಸ್ವಂತ ಮನೆಯವರೇ ಹತ್ತಿರ ಬರಲು ಅಂಜುತ್ತಿದ್ದ ಶವಗಳಿಗೆ ಆಯಾ ಧರ್ಮದ ವಿಧಿಯಂತೆ ಅಂತಿಮ ಸಂಸ್ಕಾರ ಮಾಡಿದರು. ಹಿಂದೂ, ಮುಸ್ಲಿಮ್, ಕ್ರೈಸ್ತ ಎಂಬ ಭೇದ ಅಲ್ಲಿರಲಿಲ್ಲ.

ಊರು ಒಂದೇ, ವರ್ಷ ಒಂದೇ, ಸಮುದಾಯವೂ ಒಂದೇ. ಮತ್ತೆ ವ್ಯತ್ಯಾಸವೇನು? ಒಂದು ಕಡೆ ಭಯ ಮುಂದೆ ಹೋಯಿತು, ನಾಯಕತ್ವ ಹಿಂದೆ ಉಳಿಯಿತು. ಇನ್ನೊಂದು ಕಡೆ ಕೆಲಸವನ್ನು ಮೊದಲೇ ಹಂಚಲಾಗಿತ್ತು. ಯಾರ ಹೆಸರು ಬರುತ್ತದೆ ಎಂಬುದಕ್ಕಿಂತ ಯಾರ ಮನೆಗೆ ತಲುಪುತ್ತದೆ ಎಂಬುದು ಮುಖ್ಯವಾಯಿತು. ಎರಡನೆಯ ಚಿತ್ರವನ್ನು ನಾವು ವರದಿಗಳಲ್ಲಿ ಹೆಮ್ಮೆಯಿಂದ ಮುದ್ರಿಸಿದೆವು. ಮೊದಲನೆಯದರ ಬಗ್ಗೆ ಮಾಧ್ಯಮದ ಪಕ್ಷಪಾತವನ್ನು ಮಾತ್ರ ಬರೆದೆವು. ಎರಡೂ ನಮ್ಮವೇ ಎಂದು ಒಪ್ಪಿಕೊಂಡಾಗ ಮಾತ್ರ ಎರಡರಿಂದಲೂ ಕಲಿಯಬಹುದು.

ಅಳಿಸಿ ಹಾಕದ ಸೋಲು

ಸೋಲನ್ನು ಬರೆದಿಟ್ಟರೆ ಸಮುದಾಯದ ಮಾನ ಹೋಗುತ್ತದೆ ಎಂದು ಕೆಲವರು ಅಂಜುತ್ತಾರೆ. ಅವರು ಉಹುದ್ ಯುದ್ಧವನ್ನು ನೆನಪಿಸಿಕೊಳ್ಳಲಿ. ಕ್ರಿ.ಶ. 625ರಲ್ಲಿ ನಡೆದ ಆ ಯುದ್ಧದಲ್ಲಿ ಪ್ರವಾದಿ ಮುಹಮ್ಮದ್(ಸ)ರು ಐವತ್ತು ಮಂದಿ ಬಿಲ್ಲುಗಾರರನ್ನು ಗುಡ್ಡದ ಮೇಲೆ ನಿಲ್ಲಿಸಿ, ಏನೇ ಆದರೂ ಸ್ಥಳ ಬಿಡಬಾರದೆಂದು ಆಜ್ಞಾಪಿಸಿದ್ದರು. ಗೆದ್ದೆವೆಂಬ ಸಂಭ್ರಮದಲ್ಲಿ ಅವರಲ್ಲಿ ಹೆಚ್ಚಿನವರು ಕೆಳಗಿಳಿದರು. ಹಿಂದಿನಿಂದ ದಾಳಿ ಬಂತು. ಹಂಝ(ರ)ರ ಸಹಿತ ಸುಮಾರು ಎಪ್ಪತ್ತು ಮಂದಿ ಹುತಾತ್ಮರಾದರು. ಆ ತಪ್ಪನ್ನು ಯಾರೂ ಮರೆಮಾಚಲಿಲ್ಲ. ಇತಿಹಾಸಕಾರರು ಬರೆದರು, ಕುರ್‌ಆನಿನ ಮೂರನೆಯ ಅಧ್ಯಾಯವೇ ಅದನ್ನು ವಿಸ್ತಾರವಾಗಿ ವಿಮರ್ಶಿಸಿದೆ. ಬದ್ರ್‌ನ ಗೆಲುವಿನ ಜೊತೆಗೆ ಉಹುದ್‌ನ ಸೋಲನ್ನೂ ನಮ್ಮ ಮಕ್ಕಳಿಗೆ ಪಾಠವಾಗಿ ಕಲಿಸುತ್ತೇವೆ. ಹಾಗಿರುವಾಗ ಒಂದು ಮೊಹಲ್ಲಾ ಸಂಘದ ವರದಿಗೆ ಮಾತ್ರ ಸೋಲೆಂದರೆ ಇಷ್ಟು ಭಯವೇಕೆ?

ಗಮನಿಸಿ, ಬಿಲ್ಲುಗಾರರು ಎಡವಿದ್ದು ಕಷ್ಟದ ಹೊತ್ತಿನಲ್ಲಿ ಅಲ್ಲ, ಗೆಲುವು ಕಣ್ಣಿಗೆ ಕಂಡ ಹೊತ್ತಿನಲ್ಲಿ. ಸಮಾರಂಭದ ಗಡಿಬಿಡಿಯಲ್ಲಿ ಒಬ್ಬ ಹುಡುಗನ ಅರ್ಜಿ ಮರೆತವನಿಗೆ ಈ ಸೂಕ್ಷ್ಮ ಚೆನ್ನಾಗಿ ಅರ್ಥವಾಗುತ್ತದೆ.

ಹಾಗೆಯೇ ಗೆಲುವನ್ನು ಒಂದು ವರ್ಷದ ಅಳತೆಯಿಂದ ನೋಡುವುದೂ ಸರಿಯಲ್ಲ. 1966ರಲ್ಲಿ ಡಾ. ಮುಮ್ತಾಝ್ ಅಹ್ಮದ್ ಖಾನ್ ಅವರು ಬೆಂಗಳೂರಿನಲ್ಲಿ ಅಲ್-ಅಮೀನ್ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದಾಗ ಅವರು ಮೂವತ್ತರ ಆಸುಪಾಸಿನ ವೈದ್ಯ. ಮೊದಲ ವರ್ಷದ ಕೊನೆಯಲ್ಲಿ ಯಾರಾದರೂ ಲೆಕ್ಕ ಹಾಕಿದ್ದರೆ ತೋರಿಸಲು ಹೆಚ್ಚೇನೂ ಇರುತ್ತಿರಲಿಲ್ಲ. 2021ರ ಮೇ ತಿಂಗಳಲ್ಲಿ ಅವರು ತೀರಿಕೊಂಡಾಗ ಆ ಸಂಸ್ಥೆಯ ಶಾಲೆ ಕಾಲೇಜುಗಳಲ್ಲಿ ಕಲಿತ ತಲೆಮಾರುಗಳೇ ಇದ್ದವು. ವರ್ಷಾಂತ್ಯದಲ್ಲಿ ಕೈ ಬರಿದಾಗಿ ಕಂಡರೂ ದಾರಿ ಸರಿಯಿದ್ದರೆ ಧೈರ್ಯಗೆಡಬೇಕಿಲ್ಲ. ಪಟ್ಟಿ ಉದ್ದವಾಗಿದ್ದರೂ ದಾರಿ ತಪ್ಪಿದ್ದರೆ ನೆಮ್ಮದಿಯಿಂದಿರಲೂ ಆಗದು.

ಮನೆಯೊಳಗಿನ ಖಾತೆ

ಸಂಘದ ಮಾತು ಇಷ್ಟಾಯಿತು. ಸಂಘ ಆಕಾಶದಿಂದ ಇಳಿದು ಬಂದದ್ದಲ್ಲ. ನಮ್ಮ ಮನೆಗಳು ಹೇಗೋ ನಮ್ಮ ಸಂಘಗಳೂ ಹಾಗೆ. ನಾವು ಒಬ್ಬೊಬ್ಬರೂ ಇಂದು ರಾತ್ರಿ ಹತ್ತು ನಿಮಿಷ ಕುಳಿತು ನಮ್ಮ ಖಾತೆಯನ್ನು ನಾವೇ ತೆರೆಯಬೇಕು.

ಈ ವರ್ಷ ನಾನು ಯಾರಿಂದ ಸಾಲ ಪಡೆದೆ, ಹೇಳಿದ ದಿನಕ್ಕೆ ಹಿಂದಿರುಗಿಸಿದೆನೇ? ಮನೆಯ ಮದುವೆಯಲ್ಲಿ ಶಾದಿಮಹಲಿಗೆ, ಊಟಕ್ಕೆ ಎಷ್ಟು ಖರ್ಚಾಯಿತು, ಆ ಹಣ ಯಾವ ಮಗುವಿನ ಓದಿಗೆ ಸಲ್ಲಬೇಕಿತ್ತು? ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗನಿಗೆ ವಾರದ ರಜೆ ಕೊಟ್ಟೆನೇ? ಮಗಳು ಓದು ಮುಂದುವರಿಸುತ್ತೇನೆ ಎಂದಾಗ 'ನೋಡೋಣ' ಎಂದು ಮುಂದೂಡಿದ್ದು ಎಷ್ಟನೆಯ ಸಲ? ಮುಂದೂಡಿದ ಅರ್ಜಿಯ ಗತಿ ಏನಾಗುತ್ತದೆಂದು ಈಗಷ್ಟೇ ಹೇಳಿದ್ದೇನೆ. ರಾಜಾಜಿನಗರದಲ್ಲೋ ಬಸವೇಶ್ವರನಗರದಲ್ಲೋ ಹತ್ತು ವರ್ಷಗಳಿಂದ ಪಕ್ಕದ ಮನೆಯಲ್ಲಿರುವ ಹಿಂದೂ ಕುಟುಂಬದ ಕಷ್ಟಸುಖ ವಿಚಾರಿಸಲು ಎಷ್ಟು ಸಲ ಹೋದೆ? ಸೌಹಾರ್ದದ ಬಗ್ಗೆ ನಾವು ಸಭೆಗಳಲ್ಲಿ ಗಂಟೆಗಟ್ಟಲೆ ಮಾತನಾಡುತ್ತೇವೆ. ಪಕ್ಕದ ಮನೆಯ ಹಿರಿಯರು ಆಸ್ಪತ್ರೆಯಲ್ಲಿದ್ದಾಗ ನಮಗೆ ಗೊತ್ತೇ ಇರುವುದಿಲ್ಲ.

ನನ್ನ ಸ್ವಂತ ಖಾತೆಯಲ್ಲಿ ಒಂದು ಸಾಲು ಹೀಗಿದೆ. ಸಂಘದ ಕೆಲಸವೆಂದು ವಾರದ ಐದು ಸಂಜೆ ಹೊರಗಿರುತ್ತಿದ್ದೆ. ನನ್ನ ಮಗ ಎಂಟನೆಯ ತರಗತಿಯಲ್ಲಿ ಗಣಿತದಲ್ಲಿ ಹಿಂದೆ ಬಿದ್ದದ್ದು ನನಗೆ ತಿಳಿದದ್ದು ಒಂಬತ್ತನೆಯ ತರಗತಿಯ ಅರ್ಧದಲ್ಲಿ. ಊರ ಮಕ್ಕಳ ಶಿಕ್ಷಣದ ಬಗ್ಗೆ ಭಾಷಣ ಮಾಡಿ ಮನೆಗೆ ಬರುತ್ತಿದ್ದವನ ಮನೆಯ ಸ್ಥಿತಿ ಇದು. ನನ್ನ ಪತ್ನಿ ಒಂದೇ ಮಾತು ಹೇಳಿದಳು: "ನಿಮ್ಮ ವರದಿಯಲ್ಲಿ ನಮ್ಮ ಮನೆಯ ಹೆಸರೂ ಸೇರಲಿ." ತಮಾಷೆಯಾಗಿಯೇ ಹೇಳಿದ್ದಳು. ನನಗೆ ನಗಲಾಗಲಿಲ್ಲ.

ಮೂರು ಪುಟಗಳ ವರದಿ

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ನಿರ್ಣಯಗಳನ್ನು ನಾನು ಮಂಡಿಸುತ್ತಿಲ್ಲ. ನಾಲ್ಕು ಸಣ್ಣ ವಿಷಯಗಳನ್ನು ಸಭೆಯ ಮುಂದಿಡುತ್ತೇನೆ.

ಒಂದು, ಇನ್ನು ಮುಂದೆ ನಮ್ಮ ವಾರ್ಷಿಕ ವರದಿಗೆ ಮೂರು ಪುಟಗಳಿರಲಿ. ವರ್ಷದ ಆರಂಭದಲ್ಲಿ ನಾವು ಮಾಡುತ್ತೇವೆಂದದ್ದು ಮೊದಲ ಪುಟದಲ್ಲಿ, ನಿಜವಾಗಿ ಆದದ್ದು ಎರಡನೆಯದರಲ್ಲಿ, ಆಗದೇ ಹೋದದ್ದು ಮತ್ತು ಅದರ ಕಾರಣ ಮೂರನೆಯದರಲ್ಲಿ. ಮೂರನೆಯ ಪುಟ ಖಾಲಿಯಿದ್ದರೆ ಆ ವರದಿಯನ್ನು ಸಭೆ ಅಂಗೀಕರಿಸಬಾರದು.

ಎರಡು, ಹಣದ ಲೆಕ್ಕ. ನೋಂದಾಯಿತ ಸಂಘಗಳು ಲೆಕ್ಕಪರಿಶೋಧನೆ ಮಾಡಿಸಿ ಆಯವ್ಯಯ ಪಟ್ಟಿಯನ್ನು ಪ್ರತಿ ವರ್ಷ ನೋಂದಣಾಧಿಕಾರಿಗೆ ಸಲ್ಲಿಸಬೇಕೆಂದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಹೇಳುತ್ತದೆ. ಅದು ಸರಕಾರಕ್ಕೆ ಸಲ್ಲುವ ಲೆಕ್ಕ. ಅದೇ ಹಾಳೆಯ ಒಂದು ಪ್ರತಿ ಮಸೀದಿಯ ಸೂಚನಾ ಫಲಕದಲ್ಲಿಯೂ ಇರಲಿ. ನೂರು ರೂಪಾಯಿ ಕೊಟ್ಟವನಿಗೂ ಅದನ್ನು ಓದುವ ಹಕ್ಕಿದೆ. ಝಕಾತ್‌ನ ಹಣ ಮತ್ತು ಸಮಾರಂಭದ ಹಣ ಒಂದೇ ಖಾತೆಯಲ್ಲಿ ಬೆರೆಯದಿರಲಿ.

ಮೂರು, ಕಾಗದಪತ್ರಗಳು. 2025ರ ಜೂನ್‌ನಲ್ಲಿ ಕೇಂದ್ರ ಸರಕಾರ ಉಮೀದ್ ಪೋರ್ಟಲ್ ಆರಂಭಿಸಿ, ವಕ್ಫ್ ಆಸ್ತಿಗಳ ವಿವರವನ್ನು ಆರು ತಿಂಗಳಲ್ಲಿ ದಾಖಲಿಸುವಂತೆ ಹೇಳಿದಾಗ ಮಸೀದಿಗಳ ಸಮಿತಿಗಳು ಎಷ್ಟು ಪರದಾಡಿದವೆಂದು ತಾವು ನೋಡಿದ್ದೀರಿ. ಆ ಕಾನೂನಿನ ಬಗ್ಗೆ ನಮ್ಮ ಆಕ್ಷೇಪಗಳು ಬೇರೆ, ಅವನ್ನು ನ್ಯಾಯಾಲಯದಲ್ಲಿ ಹೇಳಲಾಗಿದೆ. ಆದರೆ ಕಾಗದವೆಲ್ಲಿದೆ ಎಂದು ಕೇಳಿದಾಗ, ತೀರಿಹೋದ ಮುತವಲ್ಲಿಯ ಮನೆಯ ಟ್ರಂಕನ್ನು ಹುಡುಕಬೇಕಾದ ಸ್ಥಿತಿಗೆ ಯಾವ ಕಾನೂನೂ ಕಾರಣವಲ್ಲ. ದಾಖಲೆಗಳು ವ್ಯಕ್ತಿಯ ಬಳಿ ಇರಬಾರದು, ಸಂಸ್ಥೆಯ ಬಳಿ ಇರಬೇಕು.

ನಾಲ್ಕು, ಕುರ್ಚಿ. ಹನ್ನೊಂದು ವರ್ಷ ಒಬ್ಬನೇ ಕಾರ್ಯದರ್ಶಿಯಾಗಿರುವುದು ಸಂಘದ ಗೆಲುವಲ್ಲ. ತನ್ನ ನಂತರದವರನ್ನು ತಯಾರು ಮಾಡದವನು ಎಷ್ಟು ದುಡಿದರೂ ಕೆಲಸವನ್ನು ಅರ್ಧವೇ ಮಾಡಿದ ಹಾಗೆ. ಈ ಸಭೆಯಲ್ಲಿ ಪರದೆಯ ಆ ಬದಿಯಲ್ಲಿ ಕುಳಿತಿರುವ ಸಹೋದರಿಯರು ನಮ್ಮ ಸಮಿತಿಯಲ್ಲಿ ಒಬ್ಬರೂ ಇಲ್ಲ. ಹೊಲಿಗೆ ತರಬೇತಿ ಯಾಕೆ ಸೋತಿತೆಂದು ಹೇಳಬಲ್ಲವರು ಅವರೇ. ಅವರನ್ನು ಕೇಳದೆ ಅವರಿಗಾಗಿ ಯೋಜನೆ ಮಾಡಿದವರು ನಾವು. ಶಿಕ್ಷಣ ನೆರವು ಮತ್ತು ತರಬೇತಿಯ ಹೊಣೆಯನ್ನು ಇನ್ನು ಮುಂದೆ ಅವರನ್ನೂ ಒಳಗೊಂಡ ಉಪಸಮಿತಿಗೆ ವಹಿಸಬೇಕು. ಸಿಇಟಿ ಸೀಟು ಹಂಚಿಕೆಯ ದಿನಗಳಲ್ಲಿ ಆ ಉಪಸಮಿತಿ ಇಬ್ಬರ ಸಹಿಯಿಂದ ಅಂದೇ ನೆರವು ಕೊಡುವಂತಿರಬೇಕು. ಕಾರ್ಯದರ್ಶಿಯ ಸ್ಥಾನಕ್ಕೆ ಈ ಸಲ ನಾನು ನಿಲ್ಲುವುದಿಲ್ಲ. ಕೆಲಸ ಬಿಡುತ್ತಿಲ್ಲ, ಕುರ್ಚಿ ಬಿಡುತ್ತಿದ್ದೇನೆ.

ಸಹೋದರ ಸಹೋದರಿಯರೇ, ಸೋತವರೆಲ್ಲ ಕೆಟ್ಟವರಲ್ಲ. ಒಳ್ಳೆಯ ಉದ್ದೇಶದಿಂದ ಹೊರಟು ಸೋತವರು ಬಹಳ ಮಂದಿ ಇದ್ದಾರೆ. ಸೋಲನ್ನು ಒಪ್ಪಿಕೊಂಡವನ ಕೈ ಹಿಡಿಯಲು ಜನ ಬರುತ್ತಾರೆ. ಮುಚ್ಚಿಟ್ಟ ಸೋಲು ಮಾತ್ರ ಮರುವರ್ಷ ಇನ್ನೊಂದು ಮನೆಯ ಬಾಗಿಲಿಗೆ ಹೋಗುತ್ತದೆ.

ಈಗ ಈ ವರ್ಷದ ವರದಿಯನ್ನು ಓದುತ್ತೇನೆ. ಮೂರನೆಯ ಪುಟದಿಂದಲೇ ಆರಂಭಿಸುತ್ತೇನೆ. ಅದರ ಮೊದಲ ಸಾಲು ಈ ವರ್ಷದ್ದಲ್ಲ, ಹಳೆಯ ಬಾಕಿ: 'ಆ ವರ್ಷ 26 ವಿದ್ಯಾರ್ಥಿಗಳೆಂದು ಓದಿದ್ದು ತಪ್ಪು. 25 ಎಂದು ತಿದ್ದಿಕೊಳ್ಳಬೇಕು. ಒಬ್ಬನಿಗೆ ನಮ್ಮ ನೆರವು ಸಕಾಲಕ್ಕೆ ತಲುಪಲಿಲ್ಲ. ತಪ್ಪು ಕಾರ್ಯದರ್ಶಿಯದು.'

ಕಳೆದ ವಾರ ಆ ಯುವಕನನ್ನು ಅವನ ವರ್ಕ್‌ಶಾಪಿನಲ್ಲಿ ಕಂಡು ಈ ಸಾಲನ್ನು ಓದಿ ಹೇಳಿದೆ, ಕ್ಷಮೆ ಕೇಳಿದೆ. ಸಂಜೆ ಡಿಪ್ಲೊಮಾ ಓದಲು ಸಾಧ್ಯವೇ ಎಂದು ಅವನು ವಿಚಾರಿಸುತ್ತಿದ್ದಾನಂತೆ. ಅರ್ಜಿಯ ಕೊನೆಯ ದಿನ ಯಾವುದೆಂದು ಈ ಬಾರಿ ನಾನೇ ಮೊದಲು ಬರೆದಿಟ್ಟುಕೊಂಡಿದ್ದೇನೆ.

ನಮ್ಮ ಲೆಕ್ಕವನ್ನು ನಾವೇ ನೋಡಿಕೊಳ್ಳುವ ಧೈರ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ವಸ್ಸಲಾಮ್.